ಗುಡ್ಡೆಯ ಮೇಲೆ

"ಇದು ಪಿಜ್ಜಾ ಡೆಲಿವರಿ ಅಲ್ಲ ಹೃಷಿಕೇಶ್, ತೋಚಿದ ಕಡೆ ಚುಕ್ಕೆ ಇಟ್ಟು ಕೈತೊಳೆದುಕೊಳ್ಳೋಕೆ."

ಧಾರಿಣಿ ಇದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಅವರಿಬ್ಬರೂ ಮಾಮೂಲಾಗಿ ಜಗಳವಾಡುತ್ತಿದ್ದುದು ಕನ್ನಡದಲ್ಲಿ. ಇವತ್ತು ಮಾತ್ರ ಕೋಣೆಯಲ್ಲಿದ್ದವರಿಗೆಲ್ಲ ತಿಳಿಯಲಿ ಎಂದೇ ಭಾಷೆ ಬದಲಿಸಿದ್ದಳು. ಚೆನ್ನಾಗಿಯೇ ತಿಳಿಯಿತು. ದೆಹಲಿಯ ಆ ಪುರಾತತ್ತ್ವ ವಿಭಾಗದಲ್ಲಿ ಬೆಳಗಿನಿಂದ ಯಾರಿಗೂ ಇರದಿದ್ದ ಕುತೂಹಲ ಏಕಾಏಕಿ ಎಲ್ಲರ ಮುಖದಲ್ಲೂ ಎದ್ದು ಕೂತಿತು. ಸಮೋಸಾ ಅಗಿಯುತ್ತಿದ್ದ ಬಾಯಿಗಳು ಸಹ ನಿಂತವು.

ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕಿನಲ್ಲಿ ಒಂದು ನಕ್ಷೆಯಿತ್ತು. ಉಡುಪಿ ಕಡೆಯ ಕಡಲಬೈಲು ಎಂಬ ಊರು. ಸಮುದ್ರಕ್ಕೆ ಎದೆಕೊಟ್ಟು ನಿಂತ ಕಡಿದಾದ ಕೆಂಪು ಮುರಕಲ್ಲಿನ ಬೆಟ್ಟದ ನೆತ್ತಿಯ ಮೇಲೆ ಇತಿಹಾಸಕ್ಕೂ ಹಿಂದಿನವರ ಸಮಾಧಿಗಳು, ಸತ್ತವರ ಮೇಲೆ ಕಲ್ಲು ಪೇರಿಸಿ ಮಾಡಿದ ಕೇರ್ನ್‌ಗಳು. ಕೆಳಗೆ ದಡದ ಹತ್ತಿರ, ರಸ್ತೆ ಮಾಡುವವರು ಆಗಲೇ ಅಗೆದು ಹಾಳುಮಾಡಿದ್ದ ಇನ್ನೊಂದು ಕೇರ್ನ್. ಮೇಲಿನ ದೊಡ್ಡ ಕೇರ್ನಿನ ಒಳಗಿನ ಕಲ್ಲುಕೋಣೆಯಲ್ಲಿ ಒಂದು ಕೆಂಪು ಚುಕ್ಕೆ. ಅದು ಮಣಿ ಸಿಕ್ಕಿದ ಜಾಗ.

ಗುಜರಾತಿನ ಕಡೆಯಿಂದ ಬಂದಿರಬಹುದಾದ ಕೆಂಪು ಹರಳಿನ ಮಣಿ ಅದು. ಕೋಣೆಯೊಳಗೆ ಸಿಕ್ಕಿದ್ದರೆ ಆ ಸತ್ತವರಿಗೆ ಸಮುದ್ರದಾಚೆಯ ನೆಂಟಸ್ತನವಿತ್ತು ಎಂದರ್ಥ. ಧಾರಿಣಿಯ ಪಿಎಚ್‌ಡಿಗೆ ಜೀವ ಬಂದಂತೆ. ಪೇರಿಸಿದ ಕಲ್ಲುಗಳ ಮೇಲೆ ಬಯಲಲ್ಲಿ ಸಿಕ್ಕಿದ್ದರೆ ಯಾವುದೋ ಕಾಲದಲ್ಲಿ ಯಾರದೋ ಕೊರಳಿಂದ ಬಿದ್ದದ್ದು, ಕಸಕ್ಕೆ ಸಮ. ಮೇಲೆ ಸಿಕ್ಕಿತು ಎಂದು ಅವಳಿಗೆ ಫೋನಿನಲ್ಲಿ ಹೇಳಿದವನು ಇದೇ ಹೃಷಿಕೇಶ್. ಈಗ ನಕ್ಷೆಯಲ್ಲಿ ಒಳಗಿಟ್ಟಿದ್ದಾನೆ. ಪ್ರೊಫೆಸರ್ ಗೋಪಿನಾಥರನ್ನು ಮೆಚ್ಚಿಸಲು ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ತನಗೇ ಲಾಭವಾಗುವ ಸುಳ್ಳನ್ನೂ ಅವಳು ಕಾಲಿನಲ್ಲಿ ಒದೆಯುವವಳು.

"ನಾನು ಸುಳ್ಳು ಹೇಳಿದ್ದೇನೆ ಅಂತೀರಾ?" ಹೃಷಿಕೇಶ್ ಕನ್ನಡದಲ್ಲಿ ಕೇಳಿದ.

"ನಾನಲ್ಲ, ನಿಮ್ಮ ಮ್ಯಾಪ್ ಹೇಳ್ತಿದೆ." ಅವಳು ಇಂಗ್ಲಿಷ್ ಬಿಡಲಿಲ್ಲ.

ಅವನು ಲ್ಯಾಪ್‌ಟಾಪಿನ ವೈರು ಕಿತ್ತ. ಗೋಡೆಯ ಮೇಲಿನ ಸಮುದ್ರ ಆರಿಹೋಯಿತು. ಹೊರಡುವ ಮುಂಚೆ ಅವನ ನೋಟ ಅವಳ ಮೇಲೆ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನಿಂತಿತು. ಕಡಲಬೈಲಿನ ಗಾಳಿಗೆ ಅವಳ ಟೋಪಿ ಹಾರಿದಾಗಲೆಲ್ಲ ಓಡಿ ಹಿಡಿದು ತಂದು, ಕೊಡುವಂತೆ ಮಾಡಿ ಕೊಡದೆ, ಎಡಗಣ್ಣನ್ನು ಸ್ವಲ್ಪವೇ ಕಿರಿದು ಮಾಡಿ ನಗುತ್ತಿದ್ದ ಕಣ್ಣುಗಳು ಅವು. ಈಗ ಎರಡೂ ಒಂದೇ ಅಳತೆಯಲ್ಲಿ ತೆರೆದಿದ್ದವು.

ಕಿಟಕಿಯಿಂದ ಅವನು ಹೋಗುವುದು ಕಾಣಿಸಿತು. ಹೊಸ ಕಟ್ಟಡಕ್ಕೆ ಪಾಯ ತೋಡಿದ ಮಣ್ಣನ್ನು ವಿಭಾಗದ ಹಿಂದೆ ಗುಡ್ಡೆ ಹಾಕಿ ಎರಡು ವರ್ಷವಾಗಿತ್ತು. ಕಟ್ಟಡ ಬರಲಿಲ್ಲ, ಮಣ್ಣೂ ಹೋಗಲಿಲ್ಲ. ಪಕ್ಕದಲ್ಲಿ ಒಬ್ಬ ಭಯ್ಯಾ ಚಹಾದಂಗಡಿ ಇಟ್ಟ. ಉತ್ಖನನಕ್ಕೆ ಹೊರಡುವ ಮುಂಚೆ ಅವರಿಬ್ಬರೂ ಆ ಮಣ್ಣಿನ ಮೇಲೆ ಕೂತು ಒಬ್ಬರನ್ನೊಬ್ಬರು ಹಂಗಿಸುತ್ತಾ ಎಷ್ಟು ಚಹಾ ಕುಡಿದಿದ್ದರೋ. ಇವತ್ತು ಅವನು ಅತ್ತ ತಿರುಗಿಯೂ ನೋಡದೆ ನಡೆದ.

"ಚಲೋ, ಟೀ," ಎಂದರು ಗೋಪಿನಾಥರು. ಶಾಲು ಸರಿಪಡಿಸಿಕೊಳ್ಳುವುದು, ಚಹಾಕ್ಕೆ ಕರೆಯುವುದು, ಇವೆರಡೇ ಕೆಲಸಗಳಿಂದ ಅವರು ವಿಭಾಗದ ಮುಖ್ಯಸ್ಥರಾಗಿದ್ದರು. ಕಡಲಬೈಲಿಗೆ ಬಂದದ್ದು ಒಂದು ಮಧ್ಯಾಹ್ನ, ಫೋಟೋಕ್ಕೆ. ಲೋಟ ಹಿಡಿದು ಧಾರಿಣಿಯ ಪಕ್ಕ ಬಂದು ಮೆಲ್ಲನೆ ಹೇಳಿದರು: "ಶುಕ್ರವಾರ ಸೆಮಿನಾರ್ ಮುಗಿದ ಮೇಲೆ ವರದಿ ಅಚ್ಚಿಗೆ ಹೋಗುತ್ತಮ್ಮ. ಅವನ ಹೆಸರು ತೆಗೆದುಬಿಡು. ಸರ್ವೆ ನಂಬುವ ಹಾಗಿಲ್ಲ ಅಂತ ಒಂದು ಸಾಲು ಸೇರಿಸು. ಮ್ಯಾಪ್‌ಗಳು ಮಾತ್ರ ಬೇಕು, ಹೇಗಾದರೂ ತರಿಸಿಕೋ."

ಒಂದು ಸಾಲು. ಗುರ್ಗಾಂವ್‌ನ ಕಂಪನಿಯಿಂದ ಸಂಬಳವಿಲ್ಲದ ರಜೆ ಹಾಕಿ ಬಂದು ಕಲ್ಲು ಕಲ್ಲಿನ ಜಾಗವನ್ನೂ ಅಳೆದವನಿಗೆ ಆ ಒಂದು ಸಾಲು. ತಾನೇ ಕೇಳಿದ್ದು ಕೈಗೆ ಸಿಕ್ಕಿತ್ತು, ಆದರೂ ಧಾರಿಣಿಗೆ ಚಹಾ ರುಚಿಸಲಿಲ್ಲ.

*

ಧಾರಿಣಿಗೆ ಯಾರನ್ನು ಕಂಡರೂ ಅಷ್ಟಕ್ಕಷ್ಟೆ. ದೆಹಲಿಯನ್ನು ಕಂಡರೆ ತಾತ್ಸಾರ: ಗೋರಿಗಳ ನಡುವೆ ಪಾರ್ಕಿಂಗ್‌ಗೆ ಹೊಡೆದಾಡುವ ಊರು. ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಅವಳನ್ನು ಇಟ್ಟುಕೊಂಡಿದ್ದ ಚಿಕ್ಕಮ್ಮ ತೋರಿಸುವ ಗಂಡುಗಳ ಫೋಟೋ ಕಂಡರೆ ತಾತ್ಸಾರ: ಎಲ್ಲರೂ ಕಾರಿಗೆ ಒರಗಿಯೇ ನಿಂತಿರುತ್ತಾರೆ. ಎಲ್ಲಕ್ಕಿಂತ ಹೆಚ್ಚಿನ ತಾತ್ಸಾರ ವಿಶ್ವವಿದ್ಯಾಲಯದ ಪಕ್ಕದ ರಿಜ್ ಎಂಬ ಕಾಡುದಿಬ್ಬದ ಮೇಲೆ. ಮರಗಳು, ಮಂಗಗಳು, ಮರಕ್ಕೊಂದರಂತೆ ಪ್ರೇಮಿಗಳು. ಮಂಗಗಳಾದರೂ ಹೊಟ್ಟೆಪಾಡಿಗೆ ಕೂತಿರುತ್ತವೆ ಎನ್ನುತ್ತಿದ್ದಳು.

ಹೃಷಿಕೇಶ್ ಏನು ಕಡಿಮೆಯವನಲ್ಲ. ಡಿಜಿಟಲ್ ನಕ್ಷೆ ಮಾಡುವ ಕಂಪನಿಯ ಗಾಜಿನ ಕಟ್ಟಡದಲ್ಲಿ ಕೂತು, ಮೂರು ತಿಂಗಳು ಬ್ರಷ್ ಹಿಡಿದು ಮಣ್ಣು ಕೆರೆದು ಎರಡು ಸಾಲು ಬರೆಯುವವರೆಲ್ಲ ದಂಡಪಿಂಡಗಳು ಎಂದು ನಂಬಿದ್ದವನು. ತನ್ನೂರಿನ ಕಡೆಯ ಸಮಾಧಿ ಎಂಬ ಒಂದೇ ಕಾರಣಕ್ಕೆ ಕೆಲಸಕ್ಕೆ ಒಪ್ಪಿ ಬಂದಿದ್ದ. ಅವಳು ಮಂಡ್ಯದವಳು. ಸಮುದ್ರವನ್ನು ಹತ್ತಿರದಿಂದ ಕಂಡದ್ದೇ ಕಡಲಬೈಲಿನಲ್ಲಿ, ಆದರೆ ಅವನ ಮುಂದೆ ಅದನ್ನು ಒಪ್ಪಿಕೊಂಡಿರಲಿಲ್ಲ.

"ಹೇಗುಂಟು ನಮ್ಮ ಸಮುದ್ರ?" ಎಂದು ಅವನು ಮೊದಲ ದಿನವೇ ಕೇಳಿದ್ದ.

"ಗದ್ದಲ ಜಾಸ್ತಿ. ನಿಮ್ಮ ಹಾಗೆ."

ಆ ನೆತ್ತಿಯ ಮೇಲೆ ಗಾಳಿಗೆ ಬಿಡುವಿರಲಿಲ್ಲ. ಕೆಳಗೆ ಅಲೆ ಬಡಿದರೆ ಪಾದದಡಿಯ ಮುರಕಲ್ಲಿನಲ್ಲಿ ಸಣ್ಣ ನಡುಕ ಬರುತ್ತಿತ್ತು. ಪೇರಿಸಿದ ಕಲ್ಲುಗಳಿಗೆ ಒಂದೊಂದಕ್ಕೂ ಸುಣ್ಣದಲ್ಲಿ ನಂಬರು ಬರೆದು, ಅವನು ಅಳೆದಾದ ಮೇಲೆ ಎತ್ತಿ ಆಚೆ ಇಡುವುದು. ಮತ್ತೆ ಕೆಳಗಿನ ಸಾಲು. ಹೀಗೆ ಇಳಿಯುತ್ತಾ ಇಳಿಯುತ್ತಾ ನಾಲ್ಕು ಚಪ್ಪಡಿಗಳ ಕಲ್ಲುಕೋಣೆ. ಒಳಗೆ ಕಪ್ಪು-ಕೆಂಪು ಮಡಕೆಗಳು, ಬೂದಿ, ತುಕ್ಕು ತಿಂದ ಕತ್ತಿಯ ತುಂಡು, ಕೆಲವು ಹಲ್ಲು. ಮೂಳೆಗಳನ್ನೆಲ್ಲ ಆ ಮಣ್ಣು ಯಾವಾಗಲೋ ತಿಂದು ಮುಗಿಸಿತ್ತು. ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಧಾರಿಣಿ ಸುಮ್ಮನೆ ಕೂತುಬಿಟ್ಟಿದ್ದಳು. ತಲೆಯೆತ್ತಿದರೆ ಅವನು ಅಳತೆಯ ಯಂತ್ರದ ದುರ್ಬೀನಿನಲ್ಲಿ ನೋಡುತ್ತಿದ್ದ. ಕೊಳವೆ ತಿರುಗಿದ್ದು ಕಲ್ಲಿನ ಕಡೆಗಲ್ಲ.

"ಏನು ಅಳೀತಿದೀರಿ?"

"ನಿಮ್ಮ ಮೂಗಿನ ಎತ್ತರ. ಸಮುದ್ರಮಟ್ಟಕ್ಕಿಂತ ಬಹಳ ಮೇಲುಂಟು."

ಅವಳು ನಗಲಿಲ್ಲ. ನಗು ಬಂದದ್ದನ್ನು ಮಣ್ಣಿನ ಕಡೆಗೆ ತಿರುಗಿ ಮುಗಿಸಿಕೊಂಡಳು. ಕಿವಿ ಕೆಂಪಾಗಿದ್ದನ್ನು ಮಾತ್ರ ತಿರುಗಿಸಿಕೊಳ್ಳಲಾಗಲಿಲ್ಲ, ಅವನಿಗೆ ಅದು ದುರ್ಬೀನಿಲ್ಲದೆಯೂ ಕಂಡಿತು.

ಆದರೆ ಅಲ್ಲಿ ಕೆಲಸದ ಮಾತೆಲ್ಲ ಇಂಗ್ಲಿಷ್, ಹಿಂದಿ. ಜೊತೆಗಿದ್ದವರು ದೆಹಲಿಯ ವಿದ್ಯಾರ್ಥಿಗಳು. 'ಟಾಪ್ ಸೈಟ್', 'ಲೋವರ್ ಸೈಟ್', 'ಕೇರ್ನ್'. ಕನ್ನಡ ಅವರಿಬ್ಬರ ಜಗಳಕ್ಕಷ್ಟೇ ಮೀಸಲು.

ಕೊನೆಯಲ್ಲಿ ಅವಳು ಫೆಲೋಶಿಪ್ಪಿನ ಸಂದರ್ಶನಕ್ಕೆಂದು ದೆಹಲಿಗೆ ಬಂದಿದ್ದಳು. ಮೊಬೈಲ್ ಸಿಗ್ನಲ್ ಸಿಗದ ಕಡಲಬೈಲಿನ ಬೂತಿನಿಂದ ಒಂದು ಸಂಜೆ ಅವನ ಫೋನು ಬಂತು. ಹಿಂದೆ ಹುಡುಗರ ಗಲಾಟೆ, ಅವನ ದನಿಯಲ್ಲಿ ಏನೋ ಅವಸರ. "ಮಣಿ ಸಿಕ್ಕಿತು ಮಾರಾಯ್ರೆ. ಜರಡಿಯಲ್ಲಿ. ಗುಡ್ಡೆ ಮೇಲೆ. ಕೆಳಗಲ್ಲ."

ಗುಡ್ಡೆಯ ಮೇಲೆ. ಪೇರಿಸಿದ ಕಲ್ಲುಗಳ ಮೇಲೆ. ಒಳಗಲ್ಲ. ಹಾಗಾದರೆ ಕಸ. "ಮೇಲಾ? ಸರಿ," ಎಂದು ಫೋನಿಟ್ಟಳು. ಅತ್ತ ಕಡೆ ಅವನಿಗೆ ಏನಾಯಿತು ಎಂದು ಯೋಚಿಸುವ ಅಭ್ಯಾಸ ಅವಳಿಗಿರಲಿಲ್ಲ.

*

ನಕ್ಷೆಗಳನ್ನು ಕಳಿಸಿ ಎಂದು ಮೆಸೇಜು ಕಳಿಸಿದ್ದಕ್ಕೆ, 'ಬೇಕಾದವರು ದ್ವಾರಕಾಕ್ಕೆ ಬರಲಿ' ಎಂದು ಉತ್ತರ ಬಂತು. ಭಾನುವಾರ ಧಾರಿಣಿ ಹಲ್ಲು ಕಚ್ಚಿಕೊಂಡು ಮೆಟ್ರೋ ಹತ್ತಿದಳು. ದ್ವಾರಕಾ ಎಂದರೆ ನಿವೃತ್ತ ಅಧಿಕಾರಿಗಳು ಒಬ್ಬರ ಮೇಲೊಬ್ಬರು ಹದಿನೈದು ಅಂತಸ್ತು ವಾಸಿಸುವ ಜಾಗ. ಗೇಟಿನ ಗಾರ್ಡು ಅವಳ ಹೆಸರು, ತಂದೆಯ ಹೆಸರು, ಬಂದ ಕಾರಣ ಎಲ್ಲ ಕೇಳಿದ. ಕಾರಣವನ್ನು ಅವಳು ಹೇಳಲಿಲ್ಲ.

ಬಾಗಿಲು ತೆರೆದದ್ದು ಹೃಷಿಕೇಶನ ತಾಯಿ ಗಿರಿಜಮ್ಮ. ಕನ್ನಡದವಳು ಎಂದು ತಿಳಿದದ್ದೇ ತಡ, ಒಳಗೆ ಎಳೆದು ಬಾಲ್ಕನಿಯಲ್ಲಿ ಕೂರಿಸಿ ಕಾಫಿ ಕೊಟ್ಟರು.

"ಅವನು ಸ್ನಾನಕ್ಕೆ ಹೋಗಿದ್ದಾನೆ. ಕೂತ್ಕೊ ಮಾರಾಯ್ತಿ, ಯಾರತ್ರ ಮಾತಾಡುವುದು ಇಲ್ಲಿ. ಎಂತ ಊರಿದು, ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ. ನೋಡುವಾ ಅಂದರೆ ಒಂದು ಗುಡ್ಡೆ ಇಲ್ಲ."

ಧಾರಿಣಿ ಕೆಳಗೆ ನೋಡಿದಳು. ಎದುರಿನ ಪ್ಲಾಟಿನಲ್ಲಿ ಇನ್ನೊಂದು ಹೌಸಿಂಗ್ ಸೊಸೈಟಿ ಏಳುತ್ತಿತ್ತು. "ಯಾಕಿಲ್ಲ, ನೋಡಿ ಅಲ್ಲಿ. ಮರಳಿನದು ಒಂದು ಗುಡ್ಡೆ, ಜಲ್ಲಿದು ಒಂದು ಗುಡ್ಡೆ. ಈ ಊರಲ್ಲಿರೋದೇ ಅದು."

ಗಿರಿಜಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. "ಅದು ರಾಶಿ ಅಲ್ವಾ? ಗುಡ್ಡೆ ಅಂದರೆ ಹತ್ತುವುದಕ್ಕೆ ಉಂಟಲ್ಲ, ದನ ಮೇಯುತ್ತದಲ್ಲ, ಆ ಗುಡ್ಡೆ. ನಮ್ಮ ಮನೆಯ ಹಿಂದೆಯೇ ಗುಡ್ಡೆ. ಮೇಲೆ ನಿಂತರೆ ಸಮುದ್ರ ಕಾಣುತ್ತದೆ."

ಕಾಫಿ ಲೋಟ ಧಾರಿಣಿಯ ಕೈಯಲ್ಲಿ ಅರ್ಧ ದಾರಿಯಲ್ಲಿ ನಿಂತಿತು.

ಹೃಷಿಕೇಶ್ ನಕ್ಷೆಗಳ ಕೊಳವೆ ಹಿಡಿದು ಬಂದ. ತಲೆಗೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳನ್ನು ನೋಡದೆ ಕೊಳವೆಯನ್ನು ಮೇಜಿನ ಮೇಲಿಟ್ಟ. ಗಿರಿಜಮ್ಮನಿಗೆ ಆ ಹೊತ್ತಿಗೆ ಸರಿಯಾಗಿ ಒಲೆಯ ಮೇಲೆ ಏನೋ ನೆನಪಾಗಿ ಒಳಗೆ ಹೋದರು.

"ಅವತ್ತು ಫೋನಲ್ಲಿ ಗುಡ್ಡೆ ಮೇಲೆ ಅಂದ್ರಲ್ಲ," ಧಾರಿಣಿ ಕೇಳಿದಳು. "ಯಾವ ಗುಡ್ಡೆ?"

"ಎಷ್ಟು ಗುಡ್ಡೆ ಉಂಟು ಅಲ್ಲಿ? ಅವತ್ತು ಜರಡಿ ಹಿಡಿದದ್ದು ಎರಡೇ ಮಣ್ಣು. ಗುಡ್ಡೆ ಮೇಲಿನ ಕೇರ್ನಿನ ಕೋಣೆಯದ್ದು, ಕೆಳಗೆ ದಡದ ಹತ್ತಿರದ ಹಾಳು ಕೇರ್ನಿನದ್ದು. ಮಣಿ ಮೇಲೆ ಸಿಕ್ಕಿತು ಅಂದೆ. ಕೆಳಗಲ್ಲ ಅಂತಲೂ ಹೇಳಿದೆ. ಇನ್ನೆಂತ ಹೇಳಬೇಕಿತ್ತು?"

"ನಮ್ಮ ಕಡೆ ಗುಡ್ಡೆ ಅಂದ್ರೆ ರಾಶಿ. ನೀವು ಬೆಟ್ಟ ಅನ್ನಬೇಕಿತ್ತು."

ಅವನು ಮೊದಲ ಬಾರಿಗೆ ಅವಳನ್ನು ನೇರ ನೋಡಿದ. ಅರ್ಥ ಇಳಿಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು, ಆಮೇಲೆ ಮುಖ ಕೆಂಪಾಯಿತು. "ಕನ್ನಡ ಬಾರದವರು ನನ್ನನ್ನು ಸುಳ್ಳುಗಾರ ಅಂದದ್ದಾ? ಅದೂ ಅಷ್ಟು ಜನರ ಮುಂದೆ?"

"ನನಗೆ ಕನ್ನಡ ಬರಲ್ವಾ? ಊರೆಲ್ಲ ಬೆಟ್ಟ ಅನ್ನೋದನ್ನ ಗುಡ್ಡೆ ಅನ್ನೋರು ನೀವು."

"ಊರೆಲ್ಲ ಅಂದರೆ ಮಂಡ್ಯವಾ?"

"ಮೂರು ತಿಂಗಳು ಟಾಪ್ ಸೈಟ್, ಲೋವರ್ ಸೈಟ್ ಅಂತಿದ್ದೋರು ಆ ಒಂದು ದಿನ ಯಾಕೆ ಕನ್ನಡದಲ್ಲಿ ಹೇಳೋಕೆ ಹೋದ್ರಿ?" ಅವಳ ದನಿ ಎತ್ತರಕ್ಕೆ ಹೋಗಿತ್ತು. "ಇಂಗ್ಲಿಷಲ್ಲೇ ಹೇಳಿದ್ರೆ ಇದೆಲ್ಲ ಆಗ್ತಿತ್ತಾ?"

ಅವನು ಕಂಬಿಯ ಕಡೆಗೆ ತಿರುಗಿದ. ಬಾಲ್ಕನಿಯ ಕಂಬಿಯ ಮೇಲೆ ಒಣಗಲು ಹಾಕಿದ್ದ ಟವೆಲಿನ ಅಂಚನ್ನು ಎಳೆದು ನೇರ ಮಾಡಿದ. ನೇರವಾಗಿಯೇ ಇತ್ತು ಅದು.

"ಹುಡುಗರೆಲ್ಲ ಸುತ್ತ ಇದ್ದರು," ಎಂದ ಕೊನೆಗೆ. "ಅವರಿಗೆ ಇನ್ನೂ ಹೇಳಿರಲಿಲ್ಲ. ಮೊದಲು ನಿಮಗೆ ಮಾತ್ರ ಗೊತ್ತಾಗಲಿ ಅಂತ ಕನ್ನಡದಲ್ಲಿ ಹೇಳಿದೆ."

ಅವಳಿಗೆ ಮಾತ್ರ ಅರ್ಥವಾಗಲಿ ಎಂದು ಹೇಳಿದ ಮಾತು ಅವಳಿಗೂ ಅರ್ಥವಾಗಿರಲಿಲ್ಲ.

"ನೀವು 'ಸರಿ' ಅಂತ ಫೋನಿಟ್ಟಿರಿ," ಅವನು ಟವೆಲಿಗೇ ಹೇಳಿದ. "ನಾನು ಬೂತಿನಲ್ಲಿ ರಿಸೀವರ್ ಹಿಡಿದುಕೊಂಡು ಸುಮಾರು ಹೊತ್ತು ನಿಂತಿದ್ದೆ. ಇಷ್ಟಕ್ಕೂ ಕರಗದ ಹೆಂಗಸು ಇನ್ನೆಂತಕ್ಕೆ ಕರಗ್ತಾಳೆ ಅಂತ."

ಈ ಹೊತ್ತಿನಲ್ಲಿ ಬೇರೆ ಯಾವ ಹುಡುಗಿಯಾದರೂ ಅಳುತ್ತಿದ್ದಳು, ಇಲ್ಲವೇ ಕೈ ಹಿಡಿಯುತ್ತಿದ್ದಳು. ಧಾರಿಣಿ ಕೊಳವೆ ಎತ್ತಿಕೊಂಡು ಎದ್ದಳು. "ಕಾಫಿ ಚೆನ್ನಾಗಿತ್ತು ಅಂತ ಅಮ್ಮನಿಗೆ ಹೇಳಿ," ಎಂದು ಹೊರಟೇಬಿಟ್ಟಳು. ಮೆಟ್ರೋದಲ್ಲಿ ಕೂರಲು ಜಾಗವಿದ್ದರೂ ನಿಂತೇ ಇದ್ದಳು. ಕಿಟಕಿಯ ಗಾಜಿನಲ್ಲಿ ತನ್ನ ಮುಖ ಕಂಡಾಗ, ಜೀವನದಲ್ಲಿ ಮೊದಲ ಸಲ, ಅದನ್ನು ಕಂಡೂ ತಾತ್ಸಾರವಾಯಿತು. ಅವನು ತನಗೆ ಬೇಕು ಎಂಬುದು ಅವಳಿಗೆ ಉತ್ತಮ್ ನಗರ ದಾಟುವಷ್ಟರಲ್ಲಿ ಸ್ಪಷ್ಟವಾಗಿತ್ತು. ಬೇಕು ಎಂದು ಹೇಳುವ ಬಾಯಿ ಮಾತ್ರ ಅವಳಲ್ಲಿರಲಿಲ್ಲ.

*

ಶುಕ್ರವಾರದ ಸೆಮಿನಾರಿಗೆ ಮುಂಚೆ ಗೋಪಿನಾಥರಿಗೆ ವಿಷಯ ಹೇಳಿದಳು. ಅವರು ಶಾಲು ಸರಿಪಡಿಸಿಕೊಂಡರು. "ಅಚ್ಛಾ, ಮಣಿ ಒಳಗೇ ಇತ್ತಲ್ಲ, ಒಳ್ಳೇದಾಯ್ತು. ವರದಿಯಲ್ಲಿ ಸದ್ದಿಲ್ಲದೆ ತಿದ್ದಿಬಿಡೋಣ. ಸ್ಟೇಜ್ ಮೇಲೆಲ್ಲ ಯಾಕಮ್ಮ, ವಿಭಾಗದ ಮರ್ಯಾದೆ."

"ಬೈದಿದ್ದು ಎಲ್ಲರ ಮುಂದೆ ಸರ್," ಎಂದಳು.

ಸಭಾಂಗಣದಲ್ಲಿ ಅವೇ ಮುಖಗಳು, ಅವೇ ಸಮೋಸಾಗಳು. ಹೃಷಿಕೇಶ್ ಬಂದಿರಲಿಲ್ಲ, ಬರಬೇಕೆಂದು ಅವಳೂ ಕರೆದಿರಲಿಲ್ಲ. ನಕ್ಷೆಯನ್ನು ಗೋಡೆಯ ಮೇಲೆ ಹಾಕಿ, ಕೆಂಪು ಚುಕ್ಕೆಗೆ ಕೋಲು ತಾಗಿಸಿ, ಧಾರಿಣಿ ಇಂಗ್ಲಿಷಿನಲ್ಲಿ ಹೇಳಿದಳು. ಈ ಚುಕ್ಕೆ ಇರುವ ಜಾಗವೇ ಸರಿ. ಸರ್ವೆ ಮಾಡಿದವರ ಮೇಲೆ ನಾನು ಇದೇ ಕೋಣೆಯಲ್ಲಿ ಹೊರಿಸಿದ ಆರೋಪ ಸುಳ್ಳು. ನನ್ನ ಮಾತೃಭಾಷೆಯ ಒಂದು ಪದ ನನಗೆ ಅರ್ಧ ಮಾತ್ರ ಗೊತ್ತಿತ್ತು, ಇನ್ನರ್ಧ ಅವರ ಬಳಿ ಇತ್ತು. ವರದಿಯಲ್ಲಿ ಅವರ ಹೆಸರು ನನ್ನ ಹೆಸರಿನ ಪಕ್ಕದಲ್ಲಿರುತ್ತದೆ.

ಹೇಳಿ ಮುಗಿಸಿ ಕೋಲು ಕೆಳಗಿಟ್ಟಳು. ಯಾರೋ ಕೆಮ್ಮಿದರು. ಮುಂದಿನ ಸಾಲಿನ ಹಿರಿಯ ವಿದ್ವಾಂಸರೊಬ್ಬರು ಎಚ್ಚರಗೊಂಡು, ಮಡಕೆಯ ಬಣ್ಣದ ಬಗ್ಗೆ ಪ್ರಶ್ನೆ ಕೇಳಿದರು. ಅವಳಿಗೆ ಪ್ರಾಣ ಹೋಗಿ ಬಂದಂತಾಗಿದ್ದ ಆ ಮಾತು ಅವರ ಪಾಲಿಗೆ ಫ್ಯಾನಿನ ಸದ್ದಿಗಿಂತ ಹೆಚ್ಚಿನದಾಗಿರಲಿಲ್ಲ.

ಆದರೆ ಕಡಲಬೈಲಿಗೆ ಬಂದಿದ್ದ ಹುಡುಗರು ಹಿಂದಿನ ಸಾಲಿನಲ್ಲಿದ್ದರು. ಸುದ್ದಿ ಗುರ್ಗಾಂವ್ ತಲುಪುವುದಕ್ಕೆ ಇನ್ನೇನು ಬೇಕು. ಶನಿವಾರ ಬೆಳಿಗ್ಗೆ ಅವಳ ಮೊಬೈಲಿಗೆ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಒಂದು ಮೆಸೇಜು ಬಂತು. 'ಸಂಜೆ ಯೂನಿವರ್ಸಿಟಿ ಕಡೆ ಬರ್ತೇನೆ. ಗುಡ್ಡೆ ಮೇಲೆ ಸಿಗಿ.'

ಅವಳು ಅದನ್ನು ಎಷ್ಟು ಸಲ ಓದಿದಳೋ. ಆಮೇಲೆ ಚಿಕ್ಕಮ್ಮನ ಇಸ್ತ್ರಿಪೆಟ್ಟಿಗೆ ಹುಡುಕಿದಳು. ಅದನ್ನು ಕಂಡ ಚಿಕ್ಕಮ್ಮ, ಫೋಟೋಗಳ ಕವರನ್ನು ಸದ್ದಿಲ್ಲದೆ ಬೀರುವಿನೊಳಗೆ ಇಟ್ಟರು.

*

ಫೆಬ್ರವರಿಯ ಬಿಸಿಲು ಎಲೆಗಳ ನಡುವಿನಿಂದ ಹಳದಿಯಾಗಿ ಬೀಳುತ್ತಿತ್ತು. ಧಾರಿಣಿ ರಿಜ್‌ನ ಏರು ಹತ್ತಿ, ಮಂಗಗಳಿಗೆ ಕಣ್ಣು ಕೊಡದೆ, ಪ್ರೇಮಿಗಳಿಗಂತೂ ಕೊಡಲೇ ಇಲ್ಲ, ಕಲ್ಲುಬೆಂಚೊಂದರ ಮೇಲೆ ಕೂತಳು. ಕಾಡಿಗೆ ಹಚ್ಚಿಕೊಂಡಿದ್ದಳು. ಯಾರಾದರೂ ಕೇಳಿದರೆ ಕಣ್ಣುರಿ ಎಂದು ಹೇಳುವವಳಿದ್ದಳು. ಹೊತ್ತು ಹೋಯಿತು. ಅವನು ಬರಲಿಲ್ಲ. ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎನಿಸಿ ಮೈಯೆಲ್ಲ ಉರಿಯಿತು. ಆಮೇಲೆ, ಬರುವುದೇ ಇಲ್ಲವೇನೋ ಎನಿಸಿ ಉರಿಯೂ ಆರಿಹೋಯಿತು. ಆಗ ಫೋನು ಬಂತು.

"ಎಲ್ಲಿದ್ದೀರಿ ಮಾರಾಯ್ರೆ? ನನಗಿದು ಮೂರನೇ ಚಹಾ."

"ಗುಡ್ಡೆ ಮೇಲೆ. ನೀವು?"

"ನಾನೂ ಗುಡ್ಡೆ ಮೇಲೆಯೇ ಇದ್ದೇನಲ್ಲ."

ಅವನ ಕಡೆಯಿಂದ ಭಯ್ಯಾನ ಪಂಪ್ ಸ್ಟೌವಿನ ಸದ್ದು ಕೇಳಿಸಿತು. ಅವಳ ಕಡೆಯಿಂದ ಅವನಿಗೆ ಮಂಗಗಳ ಕಿರುಚಾಟ ಕೇಳಿಸಿರಬೇಕು.

"ಯಾವ ಗುಡ್ಡೆ?" ಅವನು ಮೆಲ್ಲನೆ ಕೇಳಿದ.

"ನಿಮ್ಮದು," ಎಂದಳು. "ಹತ್ತೋ ಗುಡ್ಡೆ. ರಿಜ್."

"ನಾನು ನಿಮ್ಮದಕ್ಕೆ ಬಂದೆ." ಅವನ ದನಿ ಒಂದು ಥರ ಆಗಿತ್ತು. "ವಿಭಾಗದ ಹಿಂದೆ. ಮಣ್ಣಿನ ರಾಶಿಯ ಮೇಲೆ ಕೂತಿದ್ದೇನೆ. ಹೊಸ ಪ್ಯಾಂಟು."

ಧಾರಿಣಿ ನಕ್ಕಳು. ಈ ಸಲ ಯಾವ ಕಡೆಗೂ ತಿರುಗಿಕೊಳ್ಳಲಿಲ್ಲ. ನಗುತ್ತಾ ನಗುತ್ತಾ ಕಾಡಿಗೆ ಕರಗಿ ಕೆನ್ನೆಗಿಳಿಯಿತು. ಪಕ್ಕದ ಮರದ ಕೆಳಗಿನ ಜೋಡಿ ತಮ್ಮ ಪಿಸುಮಾತು ನಿಲ್ಲಿಸಿ, ಹುಚ್ಚಿಯನ್ನು ನೋಡುವಂತೆ ಅವಳನ್ನು ನೋಡಿತು.

"ಹೃಷಿಕೇಶ್, ನನಗೆ ನಿಮ್ಮ ಮೇಲೆ ಪ್ರೀತಿ ಇದೆ," ಎಂದಳು. "ಇದನ್ನ ಇಂಗ್ಲಿಷಲ್ಲೂ ಹೇಳಲಾ? ಆಮೇಲೆ ಅರ್ಥ ಆಗಲಿಲ್ಲ ಅನ್ನಬೇಡಿ."

"ಬೇಡ, ಸರಿಯಾಗಿ ಅರ್ಥವಾಯ್ತು." ಚಹಾ ಲೋಟ ಕೆಳಗಿಟ್ಟ ಸದ್ದಾಯಿತು. "ನನಗೆ ಕಡಲಬೈಲಿನಿಂದಲೇ ಉಂಟು. ನೀವು ಅಲ್ಲೇ ಇರಿ, ನಾನು ಬರ್ತೇನೆ."

"ಬೇಗ ಬನ್ನಿ. ಇಲ್ಲಿ ಬರೀ ಮಂಗಗಳು, ಪ್ರೇಮಿಗಳು. ಎರಡನ್ನೂ ನೋಡೋಕಾಗಲ್ಲ."

"ನಾವು ಕೂತರೆ ಯಾವ ಲೆಕ್ಕಕ್ಕೆ ಸೇರ್ತೇವೆ?"

"ಬಂದ ಮೇಲೆ ನೋಡೋಣ," ಎಂದು ಧಾರಿಣಿ, ಬೆಂಚಿನ ಮೇಲಿದ್ದ ತನ್ನ ಬ್ಯಾಗನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಜಾಗ ಮಾಡಿದಳು.